ಜಗಳದ ಮರುದಿನ

1918ರ ಮಾರ್ಚ್ ತಿಂಗಳಲ್ಲಿ ಅಹಮದಾಬಾದಿನ ಬಟ್ಟೆ ಗಿರಣಿಗಳ ಮಾಲೀಕರಿಗೂ ನೇಕಾರರಿಗೂ ನಡುವೆ ಉಳಿದಿದ್ದ ಅಂತರ ಶೇ 15 ಮಾತ್ರ. ಕೂಲಿಯನ್ನು ಶೇ 20ರಷ್ಟು ಏರಿಸುತ್ತೇವೆ ಎಂದು ಮಾಲೀಕರು, ಶೇ 35ಕ್ಕಿಂತ ಕಡಿಮೆಗೆ ಒಳಗೆ ಕಾಲಿಡುವುದಿಲ್ಲ ಎಂದು ನೇಕಾರರು. ಗಿರಣಿಗಳ ಗೇಟಿಗೆ ಬೀಗ ಬಿದ್ದು ಎರಡು ವಾರ ದಾಟಿತ್ತು. ಮಾಲೀಕರ ಮುಂದಾಳು ಕ್ಯಾಲಿಕೊ ಮಿಲ್ಲಿನ ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಮುಂದಾಳು ಅವರ ಒಡಹುಟ್ಟಿದ ಅಕ್ಕ ಅನಸೂಯಾ ಸಾರಾಭಾಯಿ.

ಕಾರ್ಮಿಕರ ಪರವಾಗಿ ನಿಂತ ಗಾಂಧೀಜಿಗೂ ಇದು ಹೊರಗಿನವರ ಜಗಳವಾಗಿರಲಿಲ್ಲ. 1915ರಲ್ಲಿ ದಲಿತ ಕುಟುಂಬವೊಂದನ್ನು ಆಶ್ರಮಕ್ಕೆ ಸೇರಿಸಿಕೊಂಡಾಗ ದಾನಿಗಳೆಲ್ಲ ಹಿಂದೆ ಸರಿದಿದ್ದರು. ಆಗ ಆಶ್ರಮದ ಬಾಗಿಲಿಗೆ ಕಾರಿನಲ್ಲಿ ಬಂದು, ಹೆಸರು ಹೇಳಿಕೊಳ್ಳದೆ 13,000 ರೂಪಾಯಿ ಕೊಟ್ಟು ಹೋದವರು ಇದೇ ಅಂಬಾಲಾಲ್. ಅವರ ಪತ್ನಿ ಸರಳಾದೇವಿ ತಮ್ಮನ್ನು ಸ್ವಂತ ಅಣ್ಣನಂತೆ ಕಾಣುತ್ತಿದ್ದರೆಂದು ಗಾಂಧೀಜಿ ಆತ್ಮಕಥೆಯಲ್ಲಿ ನೆನೆಸಿಕೊಂಡಿದ್ದಾರೆ. ಆಶ್ರಮ ಮುಚ್ಚದಂತೆ ಕೈಹಿಡಿದ ಮನುಷ್ಯನ ಎದುರಿಗೇ ಈಗ ಹೋರಾಟ.

ಕೋರ್ಟಿನಲ್ಲಿ ಕೇಸು ಗೆದ್ದವರು ಸೋತವರ ಮುಖವನ್ನು ಮತ್ತೆ ನೋಡದೆ ಬದುಕಿಬಿಡಬಹುದು. ಕೆಲಸದ ಜಾಗದಲ್ಲಿ ಆ ಸೌಕರ್ಯವಿಲ್ಲ. ಯಾರೇ ಗೆಲ್ಲಲಿ, ಮರುದಿನ ಬೆಳಿಗ್ಗೆ ಅದೇ ಗೇಟಿನಲ್ಲಿ ಇಬ್ಬರೂ ಒಳಗೆ ಬರಬೇಕು, ಒಬ್ಬರು ನೂತ ನೂಲನ್ನು ಇನ್ನೊಬ್ಬರು ನೇಯಬೇಕು. ನಾಯಕನಾದವನು ಜಗಳ ನಡೆಯುತ್ತಿರುವಾಗಲೇ ಆ ಮರುದಿನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ನಿರ್ವಹಣಾ ಶಾಸ್ತ್ರದ ಪುಸ್ತಕಗಳು ಇದನ್ನು ಕೌಶಲ ಎಂದು ಕಲಿಸುತ್ತವೆ. ಆದರೆ ಎದುರಾಳಿಯನ್ನು ಏನೆಂದು ಕಾಣಬೇಕು, ಸತ್ಯ ಒಬ್ಬರ ಬಳಿ ಪೂರ್ತಿಯಾಗಿ ಇರಬಲ್ಲುದೇ, ಗೆದ್ದ ಮೇಲೆ ಉಳಿಯಬೇಕಾದದ್ದು ಯಾವುದು ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದ ಕೌಶಲ ಬಹಳ ದೂರ ಬರುವುದಿಲ್ಲ. ಇವು ತತ್ತ್ವಶಾಸ್ತ್ರದ ಪ್ರಶ್ನೆಗಳು. ಅಹಮದಾಬಾದಿನಲ್ಲಿ ಅವಕ್ಕೆ ಬೀದಿಯಲ್ಲೇ ಉತ್ತರ ಹುಡುಕಲಾಯಿತು.

ಜಗಳದ ಬೇರು ಪ್ಲೇಗಿನಲ್ಲಿತ್ತು. 1917ರ ಮಳೆಗಾಲದಲ್ಲಿ ಊರಿಗೆ ಪ್ಲೇಗು ಬಂದಾಗ ಕಾರ್ಮಿಕರು ಹಳ್ಳಿಗಳಿಗೆ ಓಡಿಹೋಗದಿರಲೆಂದು ಮಾಲೀಕರು ದೊಡ್ಡ ಮೊತ್ತದ ‘ಪ್ಲೇಗು ಬೋನಸ್’ ಕೊಟ್ಟರು. ಕೆಲವರಿಗೆ ಅದು ಕೂಲಿಯ ಶೇ 70–80ರಷ್ಟಿತ್ತು. ರೋಗ ಇಳಿದ ಮೇಲೆ, 1918ರ ಆರಂಭದಲ್ಲಿ, ಬೋನಸ್ ನಿಲ್ಲಿಸುವ ಮಾತು ಬಂತು. ಆದರೆ ಮಹಾಯುದ್ಧದ ದೆಸೆಯಿಂದ ಏರಿದ್ದ ಕಾಳು-ಬಟ್ಟೆಯ ಬೆಲೆ ಇಳಿದಿರಲಿಲ್ಲ. ನೇಕಾರರು ಶೇ 50ರಷ್ಟು ತುಟ್ಟಿಭತ್ಯೆ ಕೇಳಿದರು.

ಫೆಬ್ರುವರಿಯಲ್ಲಿ ಎರಡೂ ಕಡೆಯವರು ಒಂದು ಪಂಚಾಯ್ತಿಗೆ ಒಪ್ಪಿದರು. ಕಾರ್ಮಿಕರ ಪರ ಗಾಂಧೀಜಿ, ವಲ್ಲಭಭಾಯಿ ಪಟೇಲ್, ಶಂಕರಲಾಲ್ ಬ್ಯಾಂಕರ್. ಮಾಲೀಕರ ಪರ ಅಂಬಾಲಾಲ್ ಮತ್ತು ಇನ್ನಿಬ್ಬರು. ಮೇಲೆ ಜಿಲ್ಲೆಯ ಕಲೆಕ್ಟರ್. ಅಷ್ಟರಲ್ಲಿ, ಗಾಂಧೀಜಿ ಖೇಡಾದಲ್ಲಿದ್ದಾಗ, ಕೆಲವು ಗಿರಣಿಗಳ ಕಾರ್ಮಿಕರು ತಪ್ಪು ತಿಳಿವಳಿಕೆಯಿಂದ ಕೆಲಸ ನಿಲ್ಲಿಸಿಬಿಟ್ಟರು. ಒಪ್ಪಂದ ಮುರಿದವರು ನೀವೇ ಎಂದು ಮಾಲೀಕರು ಪಂಚಾಯ್ತಿಯಿಂದ ಹೊರಬಂದರು. ತಮ್ಮ ಕಡೆಯವರದು ತಪ್ಪೆಂದು ಗಾಂಧೀಜಿ ಒಪ್ಪಿಕೊಂಡು ಸರಿಪಡಿಸಲು ಮುಂದಾದರೂ ಮಾಲೀಕರು ಕೇಳಲಿಲ್ಲ. ಫೆಬ್ರುವರಿ 22ರಂದು ಬೀಗಮುದ್ರೆ ಘೋಷಣೆಯಾಯಿತು.

ಮುಂದೆ ನಡೆದದ್ದು ಇಂದಿನ ಯಾವ ಕಾರ್ಮಿಕ ನಾಯಕನಿಗೂ, ಯಾವ ಮ್ಯಾನೇಜರಿಗೂ ಹೊಸದಾಗಿ ಕಾಣಬೇಕಾದ ಸಂಗತಿ. ಗಾಂಧೀಜಿ ತಮ್ಮ ಕಡೆಯ ಬೇಡಿಕೆಯನ್ನೇ ಇಳಿಸಿದರು. ಮುಂಬಯಿ ಗಿರಣಿಗಳ ಕೂಲಿ ಎಷ್ಟು, ಅಹಮದಾಬಾದಿನ ಧಾರಣೆ ಎಷ್ಟು ಏರಿದೆ, ಗಿರಣಿಗಳ ಸ್ಥಿತಿ ಏನು ಎಂದು ಸಂಗಡಿಗರೊಂದಿಗೆ ಕೂತು ಲೆಕ್ಕ ಹಾಕಿದಾಗ ನ್ಯಾಯವೆಂದು ಕಂಡದ್ದು ಶೇ 35. ಕೇಳುವಾಗ ಐವತ್ತು ಕೇಳೋಣ, ಚೌಕಾಸಿಯಲ್ಲಿ ಮೂವತ್ತೈದಕ್ಕೆ ನಿಲ್ಲೋಣ ಎಂಬ ಸಂತೆ ವ್ಯವಹಾರಕ್ಕೆ ಅವರು ಒಪ್ಪಲಿಲ್ಲ. ಶೇ 35 ನ್ಯಾಯವಾದರೆ ಕೇಳಬೇಕಾದದ್ದೂ ಅಷ್ಟೇ, ಬಿಡಬಾರದ್ದೂ ಅಷ್ಟೇ. ಚೌಕಾಸಿಯಲ್ಲಿ ಎರಡೂ ಕಡೆಯವರು ಮೊದಲಿನಿಂದಲೇ ಸುಳ್ಳಿನ ಅಂಕಿ ಹಿಡಿದು ಕೂತಿರುತ್ತಾರೆ. ಇದು ಇಬ್ಬರಿಗೂ ಗೊತ್ತಿರುವುದರಿಂದ ಯಾರೂ ಯಾರನ್ನೂ ನಂಬುವುದಿಲ್ಲ. ಈ ಇಡೀ ಪ್ರಸಂಗದಲ್ಲಿ ಅತ್ಯಂತ ಧೈರ್ಯದ ಹೆಜ್ಜೆ ಯಾವುದೆಂದರೆ ಇದೇ. ಎದುರಾಳಿಗೆ ಸವಾಲು ಹಾಕುವುದಕ್ಕಿಂತ, ಬೆನ್ನಿಗೆ ನಿಂತ ಸಾವಿರಾರು ಜನರ ಮುಂದೆ ನಿಮ್ಮ ಬೇಡಿಕೆ ಹೆಚ್ಚಾಯಿತು ಎನ್ನುವುದು ಕಷ್ಟ.

ಸಾಬರಮತಿಯ ದಂಡೆಯಲ್ಲಿ ಒಂದು ಜಾಲಿ ಮರದ ಕೆಳಗೆ ದಿನವೂ ಸಭೆ ಸೇರುತ್ತಿತ್ತು. ಅಲ್ಲಿ ಕಾರ್ಮಿಕರು ಪ್ರತಿಜ್ಞೆ ಮಾಡಿದರು: ಶೇ 35 ಸಿಗುವವರೆಗೆ ಕೆಲಸಕ್ಕೆ ಹೋಗುವುದಿಲ್ಲ, ಹಿಂಸೆ, ಲೂಟಿ, ಮಾಲೀಕರ ಆಸ್ತಿಗೆ ಹಾನಿ ಮಾಡುವುದಿಲ್ಲ. ಕೆಲಸಕ್ಕೆ ಹೋಗುವವರನ್ನು ಪೀಡಿಸಬಾರದು, ದಾನದ ಕೂಳಿಗೆ ಕೈಯೊಡ್ಡಬಾರದು ಎಂಬ ನಿಯಮಗಳೂ ಇದ್ದವು. ಅನಸೂಯಾ ಅವರ ಹೆಸರಿನಲ್ಲಿ ಕರಪತ್ರಗಳು ಹೊರಟವು, ಒಟ್ಟು 17. ಅವು ಮಾಲೀಕರನ್ನು ಬೈಯುವ ಕರಪತ್ರಗಳಾಗಿರಲಿಲ್ಲ. ಬಿಡುವಿನ ದಿನಗಳಲ್ಲಿ ಮನೆ ರಿಪೇರಿ ಮಾಡಿಕೊಳ್ಳಿ, ಜೂಜಾಡಬೇಡಿ, ಇನ್ನೊಂದು ಕಸುಬು ಕಲಿಯಿರಿ ಎಂಬಂಥ ಮಾತುಗಳು ಅವುಗಳಲ್ಲಿದ್ದವು. ಆಶ್ರಮದ ನೇಯ್ಗೆ ಶಾಲೆಯ ಅಡಿಪಾಯ ತುಂಬಲು ಮರಳು ಬೇಕಿತ್ತು; ಕಾರ್ಮಿಕರು ನದಿಯಿಂದ ಮರಳು ಹೊತ್ತು ಕೂಲಿ ಪಡೆದರು. ಆ ಸಾಲಿನ ಮುಂದೆ ತಲೆಯ ಮೇಲೆ ಬುಟ್ಟಿ ಹೊತ್ತು ನಡೆದವರು ಗಿರಣಿ ಮಾಲೀಕರ ಮನೆಯ ಮಗಳಾದ ಅನಸೂಯಾ. ಕಾರ್ಮಿಕರು ಅವರನ್ನು ‘ಮೋಟಾಬೇನ್’ ಎನ್ನುತ್ತಿದ್ದರು. ನಮ್ಮಲ್ಲಿ ದೊಡ್ಡಕ್ಕ ಎಂದಂತೆ.

ಮಾಲೀಕರ ವಾದವನ್ನೂ ಕೇಳಬೇಕು, ಏಕೆಂದರೆ ಅದು ಇಂದಿಗೂ ಜೀವಂತವಾಗಿದೆ. ನಮಗೂ ಕಾರ್ಮಿಕರಿಗೂ ಇರುವುದು ತಂದೆ-ಮಕ್ಕಳ ಸಂಬಂಧ, ಮನೆಯೊಳಗಿನ ಮಾತಿಗೆ ಮೂರನೆಯವರೇಕೆ ಎಂಬುದು ಅವರ ನಿಲುವು. ಇಂದು ಎಷ್ಟೋ ಕಂಪನಿಗಳು ‘ನಾವೆಲ್ಲ ಒಂದೇ ಕುಟುಂಬ’ ಎನ್ನುವಾಗಲೂ ಇದೇ ದನಿ ಕೇಳಿಸುತ್ತದೆ. ಅಂಥ ಕುಟುಂಬದಲ್ಲಿ ಭಿನ್ನಮತ ಎತ್ತಿದವನು ಹಟಮಾರಿ ಮಗನಾಗುತ್ತಾನೆ, ತೀರ್ಪು ಕೊಡುವ ಹಕ್ಕು ತಂದೆಯದೇ ಆಗಿರುತ್ತದೆ. ಗಾಂಧೀಜಿ ಸಂಬಂಧದ ಮಾತನ್ನು ತಳ್ಳಿಹಾಕಲಿಲ್ಲ. ಸಂಬಂಧ ಇರುವುದರಿಂದಲೇ ಇಬ್ಬರೂ ನಂಬುವ ಮೂರನೆಯವರು ಬೇಕು ಎಂದು ಅದೇ ಮಾತನ್ನು ಮಾಲೀಕರ ಕಡೆಗೆ ತಿರುಗಿಸಿದರು. ಅವರಿಗೆ ದುಡ್ಡಿಗಿಂತ ಮುಖ್ಯವಾದದ್ದು ಪಂಚಾಯ್ತಿಯ ತತ್ತ್ವ.

ಆ ತತ್ತ್ವದ ಹಿಂದೆ ಗುಜರಾತಿನ ನೆಲದ ಒಂದು ಚಿಂತನೆಯಿತ್ತು. ಸಾರಾಭಾಯಿ ಕುಟುಂಬ ಜೈನರದು. ಗಾಂಧೀಜಿ ತಾರುಣ್ಯದಲ್ಲಿ ಯಾರಿಂದ ಅತಿ ಹೆಚ್ಚು ಪ್ರಭಾವಿತರಾದರೋ ಆ ರಾಯಚಂದಭಾಯಿ ಕೂಡ ಜೈನರು. ವಸ್ತುವಿಗೆ ಹಲವು ಮುಖಗಳಿವೆ, ಯಾವೊಂದು ನೋಟಕ್ಕೂ ಅದು ಪೂರ್ತಿ ಸಿಕ್ಕುವುದಿಲ್ಲ ಎನ್ನುವ ಅನೇಕಾಂತವಾದ ಶ್ರವಣಬೆಳಗೊಳದ ನಾಡಿಗೂ ಹೊಸದಲ್ಲ. ಇದನ್ನು ‘ಎಲ್ಲರೂ ಸರಿ’ ಎಂಬ ಸಡಿಲ ಮಾತೆಂದು ತಿಳಿಯುವವರಿದ್ದಾರೆ. ಅನೇಕಾಂತವಾದಿ ಹೇಳುವುದು ಬೇರೆ: ನೀನು ಯಾವ ನಿಲುವಿನಿಂದ ನೋಡಿ ಈ ಮಾತು ಹೇಳುತ್ತಿದ್ದೀಯೆ ಎಂಬುದನ್ನು ಮೊದಲು ತಿಳಿಸು, ಆ ನಿಲುವಿನಿಂದ ಅದು ನಿಜವೋ ಅಲ್ಲವೋ ಪರೀಕ್ಷಿಸೋಣ. ತಿಂಗಳ ಕೊನೆಗೆ ಅಕ್ಕಿ ಡಬ್ಬ ನೋಡುವವಳಿಗೆ ಕಾಣುವ ಕೂಲಿ ಬೇರೆ, ಮುಂದಿನ ವರ್ಷದ ಹತ್ತಿ ಬೆಲೆ ನೋಡುವವನಿಗೆ ಕಾಣುವ ಕೂಲಿ ಬೇರೆ. ಎರಡೂ ಕಣ್ಣಳತೆಗೆ ಸಿಕ್ಕಿದ ನಿಜಗಳೇ. ಮಧ್ಯಸ್ಥನ ಕೆಲಸ ಶುರುವಾಗುವುದು ಅಲ್ಲಿಂದ.

ಮಾರ್ಚ್ 12ರಂದು ಮಾಲೀಕರು ಬೀಗ ತೆಗೆದು, ಶೇ 20ಕ್ಕೆ ಒಪ್ಪುವವರು ಒಳಗೆ ಬರಬಹುದು ಎಂದರು. ಹಸಿದ ಕಾರ್ಮಿಕರ ಮನಸ್ಸು ಅಲುಗಾಡತೊಡಗಿತು. ಗಾಂಧೀಜಿಗೂ ಅನಸೂಯಾಬೇನರಿಗೂ ಏನು, ಕಾರಿನಲ್ಲಿ ಬರುತ್ತಾರೆ, ಒಳ್ಳೆಯ ಊಟ ಮಾಡುತ್ತಾರೆ, ಸಾಯುವವರು ನಾವು ಎಂಬ ಮಾತು ಚಾಳಿನಲ್ಲಿ ಹುಟ್ಟಿ ಆಶ್ರಮವನ್ನು ತಲುಪಿತು. ಮಾರ್ಚ್ 15ರ ಬೆಳಗಿನ ಸಭೆಯಲ್ಲಿ ಗಾಂಧೀಜಿ, ಇತ್ಯರ್ಥವಾಗುವವರೆಗೆ ಊಟ ಮುಟ್ಟುವುದಿಲ್ಲ ಎಂದುಬಿಟ್ಟರು.

ಈ ಉಪವಾಸದ ಬಗ್ಗೆ ಅವರಷ್ಟು ಕಟುವಾಗಿ ಬರೆದವರು ಕಡಿಮೆ. ಅದು ಕಾರ್ಮಿಕರ ಮನಸ್ಸು ಗಟ್ಟಿ ಮಾಡಲು ಕೈಗೊಂಡದ್ದು. ಆದರೆ ಅಂಬಾಲಾಲರಿಗೆ ಗಾಂಧೀಜಿ ಎದುರಾಳಿಯೂ ಹೌದು, ಸ್ನೇಹಿತರೂ ಹೌದು. ಸ್ನೇಹಿತ ಹಸಿದು ಕೂತಾಗ ಮಾಲೀಕರು ನ್ಯಾಯ ನೋಡಿ ತೀರ್ಮಾನಿಸುವುದು ಸಾಧ್ಯವಿರಲಿಲ್ಲ. ನನ್ನ ಉಪವಾಸವನ್ನು ಲೆಕ್ಕಿಸದೆ ನಿಮಗೆ ಸರಿ ಕಂಡದ್ದು ಮಾಡಿ ಎಂದು ಅವರು ಹೇಳಿದರೂ ಒತ್ತಡ ಒತ್ತಡವೇ. ಆ ಉಪವಾಸದಲ್ಲಿ ದೊಡ್ಡ ದೋಷವಿತ್ತೆಂದು ಅವರು ಆತ್ಮಕಥೆಯಲ್ಲಿ ಒಪ್ಪಿಕೊಂಡರು. ಮನೋವಿಜ್ಞಾನಿ ಎರಿಕ್ ಎರಿಕ್ಸನ್ 1969ರಲ್ಲಿ ಗಾಂಧೀಜಿ ಕುರಿತು ಪ್ರಕಟಿಸಿದ ದೊಡ್ಡ ಪುಸ್ತಕವನ್ನು ಈ ಮುಷ್ಕರದ ಸುತ್ತಲೇ ಕಟ್ಟಿದ್ದಕ್ಕೆ ಇಂಥ ಬಿಕ್ಕಟ್ಟುಗಳೂ ಕಾರಣ. ತನ್ನ ಮೇಲಿರುವ ಪ್ರೀತಿಯನ್ನೋ ಗೌರವವನ್ನೋ ಜಗಳ ತೀರಿಸುವ ಉಪಕರಣವಾಗಿ ಬಳಸುವ ನಾಯಕರು ಪ್ರತಿ ಕಚೇರಿಯಲ್ಲೂ ಇದ್ದಾರೆ. ‘ನನಗೋಸ್ಕರ ಇಷ್ಟು ಬಿಟ್ಟುಕೊಡಿ’ ಎಂದಾಗ ಜಗಳ ನಿಲ್ಲುತ್ತದೆ, ಅದರ ಕಾರಣ ಇದ್ದಲ್ಲೇ ಇರುತ್ತದೆ.

ಮಾರ್ಚ್ 18ರಂದು ಒಪ್ಪಂದವಾಯಿತು. ಅದರ ಲೆಕ್ಕ ವಿಚಿತ್ರವಾಗಿತ್ತು. ಮೊದಲ ದಿನ ಶೇ 35 ಏರಿಕೆ, ಕಾರ್ಮಿಕರ ಪ್ರತಿಜ್ಞೆ ಉಳಿಯಲೆಂದು. ಎರಡನೆಯ ದಿನ ಶೇ 20, ಮಾಲೀಕರ ಮಾತು ಉಳಿಯಲೆಂದು. ಮೂರನೆಯ ದಿನದಿಂದ ಮಧ್ಯಸ್ಥರ ತೀರ್ಪು ಬರುವವರೆಗೆ ಶೇ 27.5. ತೀರ್ಪು ಏನೇ ಬರಲಿ, ಹೆಚ್ಚು-ಕಡಿಮೆಯನ್ನು ಆಮೇಲೆ ಸರಿಹೊಂದಿಸುವುದು. ಇದು ಮೇಲ್ನೋಟಕ್ಕೆ ಮಕ್ಕಳಾಟದಂತೆ ಕಂಡೀತು. ಆದರೆ ಎರಡೂ ಕಡೆ ಬಿಗಿಯಾಗಿದ್ದ ಗಂಟು ದುಡ್ಡಿನದು ಮಾತ್ರವಲ್ಲ, ಕೊಟ್ಟ ಮಾತಿನದೂ ಆಗಿತ್ತು. ಎರಡನ್ನೂ ಬಿಡಿಸಿ ಬೇರೆ ಮಾಡಿದ ಮೇಲೆ ಮಾನಕ್ಕೆ ಒಂದೊಂದು ದಿನದ ಬೆಲೆ ಸಾಕಾಯಿತು, ಹಣದ ಪ್ರಶ್ನೆ ತಣ್ಣಗೆ ಕೂತು ಲೆಕ್ಕ ನೋಡುವವರ ಪಾಲಿಗೆ ಹೋಯಿತು. ಸಿಹಿ ಹಂಚಿ ಸಂಭ್ರಮಿಸಿದರು. ಹಂಚಲು ಮುಂದೆ ಬಂದವರು ಮಾಲೀಕರು.

ಮಧ್ಯಸ್ಥರಾಗಿ ಬಂದವರು ವಕೀಲರೂ ಅಲ್ಲ, ಸೇಠರೂ ಅಲ್ಲ. ಆನಂದಶಂಕರ ಧ್ರುವ, ಗುಜರಾತ್ ಕಾಲೇಜಿನ ಅಧ್ಯಾಪಕರು, ಸಂಸ್ಕೃತ ಮತ್ತು ತತ್ತ್ವಶಾಸ್ತ್ರದ ಪಂಡಿತರು. ಕೂಲಿ ಜಗಳಕ್ಕೆ ದರ್ಶನಗಳ ಮೇಷ್ಟರನ್ನು ಎರಡೂ ಕಡೆಯವರು ಒಪ್ಪಿದ್ದು ಆ ಊರಿನ ದೊಡ್ಡತನ. ಅವರು ಸಾಕ್ಷ್ಯ ಕೇಳಿ, ಲೆಕ್ಕ ಪರಿಶೀಲಿಸಿ, ಅದೇ ವರ್ಷದ ಆಗಸ್ಟಿನಲ್ಲಿ ಶೇ 35ರ ತೀರ್ಪು ಕೊಟ್ಟರು. ಮುಂದೆ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋದ ಧ್ರುವ, 1933ರಲ್ಲಿ ಮಲ್ಲಿಷೇಣನ ‘ಸ್ಯಾದ್ವಾದಮಂಜರಿ’ಯನ್ನು ಸಂಪಾದಿಸಿ ಹೊರತಂದರು. ಅನೇಕಾಂತವಾದದ ಮುಖ್ಯ ಗ್ರಂಥಗಳಲ್ಲಿ ಅದೂ ಒಂದು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಅಮೆರಿಕದ ಬಾಸ್ಟನ್ನಿನಲ್ಲಿ ಒಬ್ಬ ಮಹಿಳೆ ಇನ್ನೊಂದು ದಾರಿಯಿಂದ ಇದೇ ಜಾಗಕ್ಕೆ ಬರುತ್ತಿದ್ದರು. ಮೇರಿ ಪಾರ್ಕರ್ ಫಾಲೆಟ್ (1868–1933) ಬಡವರ ಬಡಾವಣೆಗಳಲ್ಲಿ ದುಡಿದವರು, ಮ್ಯಾಸಚೂಸೆಟ್ಸ್‌ನ ಕನಿಷ್ಠ ಕೂಲಿ ಮಂಡಳಿಗಳಲ್ಲಿ ಕೂತವರು. 1925ರಲ್ಲಿ ನ್ಯೂಯಾರ್ಕಿನ ವ್ಯವಹಾರಸ್ಥರ ಮುಂದೆ ಅವರು ಮಾಡಿದ ಒಂದು ಉಪನ್ಯಾಸ ಭಿನ್ನಾಭಿಪ್ರಾಯವನ್ನು ಕೆಡುಕೆಂದು ಕಾಣಬೇಡಿ ಎಂಬಲ್ಲಿಂದ ಶುರುವಾಗುತ್ತದೆ. ವ್ಯತ್ಯಾಸ ಇರುವುದೇ ಲೋಕದ ಸ್ಥಿತಿ. ಅದನ್ನು ಕೆಲಸಕ್ಕೆ ಹಚ್ಚಿ ಎಂಬುದು ಅವರ ಮಾತಿನ ಸಾರ. ಜಗಳ ತೀರುವುದು ಮೂರು ಬಗೆಯಲ್ಲಿ ಎಂದರು: ಒಬ್ಬರು ಇನ್ನೊಬ್ಬರನ್ನು ಮಣಿಸುವುದು, ಇಬ್ಬರೂ ಅಷ್ಟಷ್ಟು ಬಿಟ್ಟುಕೊಡುವುದು, ಇಬ್ಬರ ಬೇಕುಗಳಿಗೂ ಜಾಗ ಸಿಗುವ ಹೊಸ ದಾರಿ ಕಾಣುವುದು.

ಮೂರನೆಯದಕ್ಕೆ ಅವರು ಕೊಟ್ಟ ಉದಾಹರಣೆ ತೀರಾ ಸಣ್ಣದು. ಹಾರ್ವರ್ಡ್ ಗ್ರಂಥಾಲಯದ ಪುಟ್ಟ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆರೆದಿರಬೇಕು, ಫಾಲೆಟ್ ಅವರಿಗೆ ಮುಚ್ಚಿರಬೇಕು. ಕೊನೆಗೆ ಯಾರೂ ಇಲ್ಲದ ಪಕ್ಕದ ಕೋಣೆಯ ಕಿಟಕಿ ತೆರೆದರು. ಅವರಿಗೆ ಬೇಕಿದ್ದದ್ದು ಗಾಳಿ, ಇವರಿಗೆ ಬೇಡವಾಗಿದ್ದದ್ದು ನೇರವಾಗಿ ಮೈಗೆ ಬಡಿಯುವ ಬಡಗಣ ಗಾಳಿ. ಕಿಟಕಿ ಇಬ್ಬರ ಬೇಡಿಕೆಯೂ ಆಗಿರಲಿಲ್ಲ. ಇನ್ನೊಂದು ಉದಾಹರಣೆ ಹಾಲಿನ ಸಹಕಾರ ಸಂಘದ್ದು. ಗುಡ್ಡದಿಂದ ಇಳಿದು ಬರುವ ರೈತರೂ ಕಣಿವೆಯಿಂದ ಏರಿ ಬರುವ ರೈತರೂ ತಮ್ಮ ಕ್ಯಾನುಗಳೇ ಮೊದಲು ಇಳಿಯಬೇಕೆಂದು ಜಗಳವಾಡಿ ಸಂಘ ಒಡೆಯುವ ಹಂತಕ್ಕೆ ಬಂದಿತ್ತು. ಯಾರು ಮೊದಲು ಎಂಬುದನ್ನೇ ಎಲ್ಲರೂ ಯೋಚಿಸುತ್ತಿದ್ದರು. ಹೊರಗಿನಿಂದ ಬಂದವರೊಬ್ಬರು, ಕ್ಯಾನು ಇಳಿಸುವ ಕಟ್ಟೆಯ ದಿಕ್ಕು ಬದಲಿಸಿದರೆ ಎರಡೂ ಕಡೆಯವರು ಒಟ್ಟಿಗೇ ಇಳಿಸಬಹುದಲ್ಲ ಎಂದರು.

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಯ ತಂಡದ ಮುಖ್ಯಸ್ಥರಿಗೂ, ತಾಲ್ಲೂಕು ಕಚೇರಿಯ ಶಿರಸ್ತೇದಾರರಿಗೂ ಇದು ಕೈಗೆಟಕುವ ವಿದ್ಯೆ. ಇಬ್ಬರು ಒಂದೇ ರಜೆಗಾಗಿ, ಒಂದೇ ಬಡ್ತಿಗಾಗಿ, ವರದಿಯಲ್ಲಿ ಹೆಸರು ಮೊದಲು ಬರಲೆಂದು ಕಾದಾಡುವಾಗ, ಬಾಯಲ್ಲಿ ಕೇಳುತ್ತಿರುವುದರ ಹಿಂದೆ ಬೇಕಾಗಿರುವುದೇನು ಎಂದು ಒಬ್ಬೊಬ್ಬರನ್ನೇ ಕೂರಿಸಿ ವಿಚಾರಿಸಲು ಒಂದು ಗಂಟೆ ಸಾಕು. ಆ ಒಂದು ಗಂಟೆಯನ್ನು ಕೊಡದೆ ಇಬ್ಬರಿಗೂ ಒಂದೇ ಇ-ಮೇಲ್ ಕಳಿಸಿ ಕೈತೊಳೆದುಕೊಳ್ಳುವುದೇ ರೂಢಿ. ಎಲ್ಲ ಜಗಳಕ್ಕೂ ಪಕ್ಕದ ಕೋಣೆ ಇರುವುದಿಲ್ಲ ಎಂಬುದು ಫಾಲೆಟ್ ಅವರಿಗೂ ಗೊತ್ತಿತ್ತು, ಹಾಗೆಂದು ಹೇಳಿಯೂ ಇದ್ದರು.

ನಾಯಕನ ಮಾತೇ ನಡೆಯದಿದ್ದರೆ? ಬೌದ್ಧ ವಿನಯಪಿಟಕದಲ್ಲಿ ಕೋಸಂಬಿಯ ಭಿಕ್ಷುಗಳ ಕಥೆಯಿದೆ. ವ್ಯಾಖ್ಯಾನಗಳು ಹೇಳುವಂತೆ, ಶೌಚದ ಮನೆಯ ಪಾತ್ರೆಯಲ್ಲಿ ಒಬ್ಬ ಭಿಕ್ಷು ನೀರು ಉಳಿಸಿ ಬಂದದ್ದಷ್ಟೇ ಕಾರಣ. ಅದು ತಪ್ಪೋ ಅಲ್ಲವೋ ಎಂಬಲ್ಲಿಂದ ಆರಂಭವಾದ ಮಾತು ಅವನನ್ನು ಸಂಘದಿಂದ ಅಮಾನತು ಮಾಡುವವರೆಗೆ ಹೋಗಿ, ಇಡೀ ವಿಹಾರ ಎರಡು ಪಾಳೆಯವಾಯಿತು. ಬುದ್ಧ ಮೊದಲು ಮಾಡಿದ್ದು ಗಮನಿಸಬೇಕಾದ ಕೆಲಸ. ಅಮಾನತು ಮಾಡಿದವರ ಬಳಿ ಹೋಗಿ, ಸಂಘ ಒಡೆಯುವ ಅಪಾಯವಿರುವಾಗ ಆತುರದ ಶಿಕ್ಷೆ ಬೇಡ ಎಂದ. ಅಮಾನತಾದವನ ಕಡೆಯವರಿಗೆ, ಉಳಿದವರ ಮೇಲಿನ ನಂಬಿಕೆಯಿಂದಲಾದರೂ ತಪ್ಪು ಒಪ್ಪಿಕೊಳ್ಳಬಹುದು ಎಂದ. ಒಬ್ಬರ ತಪ್ಪನ್ನು ಇನ್ನೊಬ್ಬರಿಗೆ ಹೇಳಿ ಮೆಚ್ಚುಗೆ ಗಳಿಸಲಿಲ್ಲ. ಆದರೂ ಅವರು ಕೇಳಲಿಲ್ಲ. ತಾವು ಸುಮ್ಮನಿರಿ, ಇದನ್ನು ನಾವೇ ನೋಡಿಕೊಳ್ಳುತ್ತೇವೆ ಎಂದರು. ಬುದ್ಧ ಬಟ್ಟಲು ಹಿಡಿದು ಕಾಡಿಗೆ ನಡೆದುಬಿಟ್ಟ.

ಜಗಳ ಮುರಿದದ್ದು ಕೋಸಂಬಿಯ ಗೃಹಸ್ಥರು. ಗುರು ಊರು ಬಿಡುವಂತೆ ಮಾಡಿದವರಿಗೆ ವಂದನೆಯೂ ಇಲ್ಲ, ಭಿಕ್ಷೆಯೂ ಇಲ್ಲ ಎಂದರು. ಎರಡೂ ಪಾಳೆಯದವರು ಶ್ರಾವಸ್ತಿಗೆ ಹೋಗಿ ರಾಜಿಯಾದರು. ನಾಯಕ ಹಿಂದೆ ಸರಿಯುವುದೂ ಒಂದು ನಡೆಯಾಗಬಲ್ಲುದು. ಅವನಿಲ್ಲದಾಗ ಜಗಳದ ಬೆಲೆ ಜಗಳವಾಡುವವರ ಬಟ್ಟಲಿಗೇ ಬರುತ್ತದೆ. ಇದೇ ವಿನಯ ಪರಂಪರೆಯಲ್ಲಿ ವ್ಯಾಜ್ಯ ತೀರಿಸಲು ಏಳು ವಿಧಾನಗಳಿವೆ. ಕೊನೆಯದು, ಎರಡೂ ಕಡೆ ಹೇಳಬಾರದ್ದು, ಮಾಡಬಾರದ್ದು ಬಹಳ ಆಗಿಹೋಗಿರುವಾಗ ಒಂದೊಂದನ್ನೂ ಕೆದಕದೆ, ಎಲ್ಲವನ್ನೂ ಒಟ್ಟಿಗೆ ಹುಲ್ಲು ಹೊದಿಸಿ ಮುಚ್ಚುವುದು. ದೊಡ್ಡ ಅಪರಾಧಗಳಿಗೆ ಮಾತ್ರ ಅದು ಅನ್ವಯಿಸದು. ದೌರ್ಜನ್ಯದ ದೂರನ್ನೂ ಇಬ್ಬರ ಮನಸ್ತಾಪವನ್ನೂ ಒಂದೇ ಚಾಪೆಯ ಕೆಳಗೆ ತಳ್ಳುವ ಇಂದಿನ ಅಧಿಕಾರಿಗಳು ಎರಡೂವರೆ ಸಾವಿರ ವರ್ಷ ಹಳೆಯ ಈ ಭೇದವನ್ನು ಓದಿಕೊಳ್ಳುವುದು ಒಳ್ಳೆಯದು.

ಇದೆಲ್ಲ ಎಲ್ಲೆಡೆ ಫಲ ಕೊಟ್ಟಿತೆಂದು ಹೇಳಿದರೆ ಸುಳ್ಳಾಗುತ್ತದೆ. 1980ರ ಡಿಸೆಂಬರಿನಿಂದ 1981ರ ಮಾರ್ಚ್‌ವರೆಗೆ ಬೆಂಗಳೂರಿನಲ್ಲಿ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಕಾರ್ಖಾನೆಗಳ ಕಾರ್ಮಿಕರು ಬಿಎಚ್‌ಇಎಲ್‌ಗೆ ಸಮನಾದ ವೇತನ ಕೇಳಿ 77 ದಿನ ಮುಷ್ಕರ ಹೂಡಿದರು. ಮುಖ್ಯ ಬೇಡಿಕೆ ಈಡೇರದೆಯೇ ಮರಳಿದರು. ಮಾತುಕತೆಯ ಮೇಜಿಗೆ ಬಂದವರ ಕೈಯಲ್ಲಿ ತೀರ್ಮಾನ ಇರಲಿಲ್ಲ, ಅದು ದೆಹಲಿಯಲ್ಲಿತ್ತು. ಒಂದು ಕಡೆಗೆ ಕಾಯುವ ಶಕ್ತಿ ಅಪಾರವಾಗಿದ್ದು ಇನ್ನೊಂದು ಕಡೆಯ ಅಡುಗೆಮನೆ ಬರಿದಾಗುತ್ತಿರುವಾಗ ತಾಳ್ಮೆಯ ಉಪದೇಶ ಬಲವಂತನ ಪರವಾದ ಮಾತೇ ಆಗಿಬಿಡುತ್ತದೆ. 1956ರಲ್ಲಿ ಕೈಗಾರಿಕಾ ವಿವಾದ ಕಾಯ್ದೆಗೆ ಸೇರಿಸಿದ 10-ಎ ಕಲಮು ಎರಡೂ ಕಡೆಯವರು ಸ್ವಇಚ್ಛೆಯಿಂದ ಮಧ್ಯಸ್ಥರನ್ನು ಆರಿಸಿಕೊಳ್ಳಲು ದಾರಿ ಮಾಡಿತ್ತು. ಬಳಸಿದವರು ವಿರಳ.

ಅಹಮದಾಬಾದಿನಲ್ಲೂ ಕಥೆ ನೇರವಾಗಿ ಸಾಗಲಿಲ್ಲ. 1920ರಲ್ಲಿ ಅನಸೂಯಾ ಅವರ ಮುಂದಾಳ್ತನದಲ್ಲಿ ಮಜೂರ್ ಮಹಾಜನ್ ಸಂಘ ಹುಟ್ಟಿತು. ಗಾಂಧೀಜಿ ಮತ್ತು ಮಾಲೀಕರ ಪರ ಸೇಠ್ ಮಂಗಲದಾಸ್ ಕೂತ ಕಾಯಂ ಪಂಚಾಯ್ತಿ ಮಂಡಳಿ ಬಂತು. 1923ರಲ್ಲಿ ಮಾಲೀಕರು ಕೂಲಿ ಕಡಿತಕ್ಕೆ ಹೊರಟಾಗ ಆ ಮಂಡಳಿಯಿಂದ ತಡೆಯಲಾಗಲಿಲ್ಲ. ದೀರ್ಘ ಮುಷ್ಕರದ ನಂತರವೂ ಕೂಲಿ ಇಳಿಯಿತು. ಆದರೂ ಮಂಡಳಿ ಮತ್ತೆ ಕೂತಿತು, ಮತ್ತೆ ಲೆಕ್ಕ ನೋಡಿತು.

ಇದೇ ಮಜೂರ್ ಮಹಾಜನ್ ಸಂಘದ ಮಹಿಳಾ ವಿಭಾಗದಲ್ಲಿದ್ದ ವಕೀಲೆ ಇಳಾ ಭಟ್, ತಲೆಹೊರೆ ಹೊರುವ, ಹಳೆ ಬಟ್ಟೆ ಮಾರುವ ಹೆಂಗಸರನ್ನು ಸೇರಿಸಿ 1972ರಲ್ಲಿ ‘ಸೇವಾ’ ಸಂಘ ಕಟ್ಟಿದರು. ಮಾಲೀಕರೇ ಇಲ್ಲದವರಿಗೆ ಸಂಘವೇಕೆ ಎಂದು ಕಾರ್ಮಿಕ ಇಲಾಖೆ ನೋಂದಣಿಗೆ ತಕರಾರು ತೆಗೆದಿತ್ತು. 1981ರಲ್ಲಿ ಗುಜರಾತಿನಲ್ಲಿ ಮೀಸಲಾತಿ ವಿರೋಧಿ ಗಲಭೆ ಎದ್ದಾಗ ಇಳಾ ಬಹಿರಂಗವಾಗಿ ದಲಿತರ ಪರ ಮಾತಾಡಿದರು. ಪಂಚಾಯ್ತಿಯನ್ನೇ ಉಸಿರಾಗಿಸಿಕೊಂಡಿದ್ದ ಮಜೂರ್ ಮಹಾಜನ್ ತನ್ನೊಳಗಿನ ಈ ಭಿನ್ನದನಿಗೆ ಪಂಚಾಯ್ತಿ ಕೂರಿಸಲಿಲ್ಲ, ಸೇವಾವನ್ನು ಹೊರಹಾಕಿತು. ಹೊರಬಂದ ಹೆಂಗಸರು ತಮ್ಮದೇ ಬ್ಯಾಂಕು, ತಮ್ಮದೇ ಸಹಕಾರ ಸಂಘಗಳ ಬಲದ ಮೇಲೆ ನಿಂತರು. ಸದಸ್ಯೆಯರ ಸಂಖ್ಯೆ ಇಂದು 20 ಲಕ್ಷ ದಾಟಿದೆ, ಮತ್ತು ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಅಹಮದಾಬಾದಿನ ಬಡ ದುಡಿಮೆಗಾರರ ದೊಡ್ಡ ಸಂಘವಾಗಿ ಉಳಿದದ್ದು ಅದೇ.